ಶಹಾಬಾದಿನ ಖಣಿಯಲ್ಲಿ ನಾನು ದಾಟಿಸದ ಮಾತು

ಹೋದ ಚಳಿಗಾಲದವರೆಗೆ ನನಗೆ ಮಧ್ಯಾಹ್ನದ ನಿದ್ದೆ ಬರುತ್ತಿರಲಿಲ್ಲ. ಕಾಲೇಜಿನಿಂದ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ, ಊಟ ಚೆನ್ನಾಗಿ ಸೇರುತ್ತಿತ್ತು, ಆದರೂ ಮಗ್ಗುಲು ಬದಲಿಸುತ್ತ ಬಿದ್ದಿರುತ್ತಿದ್ದೆ. ಈಗ ಕೈ ತೊಳೆದು ಒರಗಿದರೆ ಸಾಕು, ಗೊರಕೆ ಪಡಸಾಲೆಗೆ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಪದ್ಮಾ ದೂರುತ್ತಾಳೆ. ಅವಳ ದೂರು ಕೇಳಿ ನನಗೆ ಖುಷಿಯೇ ಆಗುತ್ತದೆ.

ಕಲಬುರಗಿಯ ಒಂದು ಅನುವಾದ ಕಮ್ಮಟದಲ್ಲಿ ಹೊಸದಾಗಿ ಈ ಕೆಲಸಕ್ಕೆ ಇಳಿಯುತ್ತಿರುವ ಕೆಲವರು, ‘ಸರ್, ನಿಮ್ಮ ಅನುಭವ ಬರೆದುಕೊಡಿ’ ಎಂದರು. ಸೇಡಂನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದು, ಬಡ್ತಿ ಸಿಕ್ಕಿದ್ದು, ಹಾರ ಹಾಕಿಸಿಕೊಂಡದ್ದು ಯಾರಿಗೆ ಬೇಕು? ನನ್ನ ಖರೆ ಕೆಲಸ ಬೇರೆ ಇತ್ತು. ಪೋರ್ಚುಗಲ್ ದೇಶದ ಒಬ್ಬ ಕಾದಂಬರಿಗಾರ್ತಿಗೆ ನಾನು ಮೊದಲು ದುಭಾಷಿಯಾಗಿದ್ದೆ, ಆಮೇಲೆ ಕನ್ನಡದ ಅನುವಾದಕನಾದೆ. ಅದರಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನೇ ಹೇಳುತ್ತೇನೆ, ಉಪದೇಶ ಅದರೊಳಗೇ ಇದ್ದರೆ ಹೆಕ್ಕಿಕೊಳ್ಳಿ.

ಆಕೆಯ ಹೆಸರು ಗ್ರಾಸಿಂದಾ. ನಮ್ಮ ಪ್ರಾಂಶುಪಾಲರು ಒಂದು ಬೆಳಿಗ್ಗೆ ಕರೆದು, ‘ವಾಡಿ ಸ್ಟೇಷನ್ನಿಗೆ ಹೋಗ್ರಿ ಆಚಾರ್ರ. ಗೋವಾದಿಂದ ಫಾರಿನ್ ಹೆಣಮಗಳು ಬರ್ಲಿಕತ್ತಾಳ. ಹದಿನೈದು ದಿನ ಆಕಿ ಜೋಡಿ ಇರ್ರಿ. ಕ್ಲಾಸಿನ ಚಿಂತಿ ಬ್ಯಾಡ, ನೀವು ಇದ್ರೂ ಹುಡುಗರು ಬರಂಗಿಲ್ಲ, ಇರಲಿಲ್ಲಂದ್ರೂ ಬರಂಗಿಲ್ಲ’ ಎಂದರು. ನನ್ನ ಮೇಲಧಿಕಾರಿಗಳ ಬಾಯಿಂದ ಬಂದ ಮಾತುಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ.

ವಾಡಿಯಲ್ಲಿ ಇಳಿದಾಕೆ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಹೆಗಲಿಗೊಂದು ಚೀಲ, ಕಾಲಲ್ಲಿ ಗಂಡಸರ ಬೂಟು. ಇಳಿದವಳೇ ಪ್ಲಾಟ್‌ಫಾರ್ಮಿನ ಮೇಲೆ ಮಂಡಿಯೂರಿ ನೆಲಕ್ಕೆ ಅಂಗೈ ಹಚ್ಚಿದಳು. ಹಮಾಲರು ಪಾಪ, ತಲೆ ತಿರುಗಿ ಬಿದ್ದಳೆಂದು ನೀರು ತಂದರು. ‘ಇದೇ ಕಲ್ಲು’ ಎಂದಳು ಇಂಗ್ಲಿಷಿನಲ್ಲಿ. ಗೋವಾದಲ್ಲಿ ತಾನು ಇಳಿದುಕೊಂಡ ಹಳೆಯ ಮನೆಯ ನೆಲದಲ್ಲಿದ್ದದ್ದು ನಮ್ಮ ಶಹಾಬಾದಿನ ಫರ್ಸಿ ಕಲ್ಲು. ಅದು ಎಲ್ಲಿಂದ ಬಂತೆಂದು ಕೇಳಿ, ಅದರ ಬೆನ್ನು ಹತ್ತಿ ರೈಲು ಹತ್ತಿದ್ದಳು.

ಆಕೆ ಪ್ರವಾಸ ಬರೆಯುತ್ತಿದ್ದ ರೀತಿಯೇ ಅದು. ಊರು ನೋಡಲು ಊರಿಗೆ ಹೋಗುವವಳಲ್ಲ. ಯಾವುದೋ ಮನೆಯಲ್ಲಿ ಒಂದು ವಸ್ತು ಕಂಡರೆ ಅದು ಹುಟ್ಟಿದ ಜಾಗದವರೆಗೆ ಹೋಗುವುದು, ದಾರಿಯಲ್ಲಿ ಸಿಕ್ಕವರನ್ನು ಮಾತನಾಡಿಸುವುದು. ಉಪ್ಪಿನ ಹಿಂದೆ ಹೋಗಿ ಒಂದು ಪುಸ್ತಕ ಬರೆದಿದ್ದಳು, ಬಾಟಲಿಯ ಬಿರಡೆಯ ಹಿಂದೆ ಹೋಗಿ ಇನ್ನೊಂದು. ಅಪ್ಪ ಮೀನು ಹಿಡಿಯುವ ಹಡಗಿನಲ್ಲಿದ್ದವನು, ವರ್ಷದಲ್ಲಿ ಆರು ತಿಂಗಳು ಮನೆಯಲ್ಲಿ ಇರುತ್ತಿರಲಿಲ್ಲವಂತೆ. ಊಟದ ತಟ್ಟೆಯ ಮೀನು ನೋಡಿ, ‘ಇದು ಬಂದ ಕಡೆ ಅಪ್ಪ ಇದ್ದಾನೆ’ ಎಂದುಕೊಳ್ಳುತ್ತ ಬೆಳೆದೆ ಎಂದಳು. ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿ ಹದಿನೆಂಟು ವರ್ಷ ದುಡಿದು, ಊಟದ ಬಿಡುವಿನಲ್ಲಿ ಮೂರು ಕಾದಂಬರಿ ಬರೆದಳು. ಮೊದಲನೆಯದನ್ನು ಅವಳ ಅತ್ತೆ ಮಾತ್ರ ಓದಿದಳಂತೆ, ಅದೂ ಸಿಟ್ಟಿನಿಂದ, ಅದರೊಳಗೆ ತಾನಿದ್ದೇನೆ ಎಂದು. ಮೂರನೆಯದು ಸ್ವಲ್ಪ ಹೆಸರು ತಂದ ಮೇಲೆ ನೌಕರಿ ಬಿಟ್ಟು ತಿರುಗಾಟಕ್ಕೆ ಬಿದ್ದಳು.

ನಮ್ಮ ಮಂದಿಗೆ ಗ್ರಾಸಿಂದಾ ಎನ್ನಲು ನಾಲಿಗೆ ಹೊರಳಲಿಲ್ಲ. ಎರಡನೆಯ ದಿನಕ್ಕೆ ಸಿಂಧೂಬಾಯಿ ಮಾಡಿದರು. ಆಕೆಗೂ ಅದು ಸೇರಿತು, ಮುಂದೆ ನನಗೆ ಬರೆದ ಕಾಗದಗಳ ಕೆಳಗೆ ಹಾಗೆಯೇ ಸಹಿ ಮಾಡುತ್ತಿದ್ದಳು.

ದುಭಾಷಿಯ ಕೆಲಸ ಸುಲಭ ಎಂದುಕೊಂಡಿದ್ದೆ. ಎರಡು ಭಾಷೆ ಬರುತ್ತವೆ, ಮತ್ತೇನು ಬೇಕು? ಮಳಖೇಡದ ಕೋಟೆಯಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಒಂದೇ ಉಸಿರಿಗೆ ಐದು ನಿಮಿಷ ಮಾತಾಡಿದ. ನಾನು ಎರಡು ವಾಕ್ಯದಲ್ಲಿ ಮುಗಿಸಿದೆ. ‘ಉಳಿದದ್ದು ಎಲ್ಲಿ ಹೋಯಿತು?’ ಎಂದಳು. ಅದರಲ್ಲಿ ಅಂಥದ್ದೇನಿರಲಿಲ್ಲ ಮೇಡಂ ಎಂದೆ. ಬೂಟಿನ ತುದಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು, ‘ಅಂಥದ್ದು ಇದೆಯೋ ಇಲ್ಲವೋ ನಾನು ನೋಡುತ್ತೇನೆ. ನೀವು ತಂದು ಹಾಕಿ’ ಎಂದಳು. ಆವತ್ತು ಕಿವಿ ಕೆಂಪಾದರೂ ಬುದ್ಧಿ ಬರಲಿಲ್ಲ.

ಕುಂಚಾವರಂನಲ್ಲಿ ಇನ್ನೂ ಮಜಾ ಆಯಿತು. ಅಲ್ಲಿ ಅಡವಿಯಂಚಿನ ತಾಂಡಾ, ಹಟ್ಟಿಗಳಲ್ಲಿ ತೆಲುಗು ಹೆಚ್ಚು, ನನಗೆ ತೆಲುಗು ಬಾರದು. ಜೀಪಿನ ಡ್ರೈವರ್ ಮಸ್ತಾನನಿಗೆ ಬರುತ್ತಿತ್ತು. ಆಕೆ ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕನ್ನಡ ಮಾಡಬೇಕು, ಮಸ್ತಾನ ತೆಲುಗು ಮಾಡಬೇಕು. ‘ಈ ಅಡವಿ ಇಲ್ಲದಿದ್ದರೆ ನೀವು ಹೇಗಿರುತ್ತಿದ್ದಿರಿ?’ ಎಂದು ಆಕೆ ಕೇಳಿದಳು. ಮುದುಕಿಯೊಬ್ಬಳು ಕೈ ಬೀಸಿ, ಕಣ್ಣೊರೆಸಿಕೊಂಡು, ನಕ್ಕು, ಮತ್ತೆ ಕಣ್ಣೊರೆಸಿಕೊಂಡು ಏನೇನೋ ಹೇಳಿದಳು. ಮಸ್ತಾನ ಬೀಡಿ ಆರಿಸಿ ನನ್ನತ್ತ ತಿರುಗಿ, ‘ಛಲೋ ಇರ್ತಿರಲಿಲ್ಲಂತ್ರಿ’ ಎಂದ. ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಲಿ ಎಂದು ನಾನು ಒದ್ದಾಡುತ್ತಿದ್ದರೆ ಸಿಂಧೂಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಕೆಯನ್ನು ಒಂದು ದಿನ ನಮ್ಮ ಮನೆಗೂ ಕರೆದೆ. ನಮ್ಮದು ಮಡಿ ಮೈಲಿಗೆಯ ಮನೆ. ಅವ್ವ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತು ಹೋಳಿಗೆ ಬಡಿಸಿದಳು. ಎರಡು ತಿಂದ ಮೇಲೆ ಸಿಂಧೂಬಾಯಿ ‘ಸಾಕು’ ಎಂದಳು. ಅವ್ವ ಇನ್ನೊಂದು ಹಾಕಿದಳು. ‘ಬೇಡ’ ಎಂದು ಎಲೆಗೆ ಕೈ ಅಡ್ಡ ಹಿಡಿದಳು, ಅವ್ವ ಮುಟ್ಟದೆ ಮೇಲಿನಿಂದಲೇ ಬೆರಳ ಸಂದಿಗೆ ತುಪ್ಪ ಸುರಿದಳು. ಮರುದಿನ ಹೊಟ್ಟೆ ಕೆಟ್ಟು ಮಲಗಿದಾಕೆ, ‘ನಿಮ್ಮೂರಲ್ಲಿ ಬೇಡ ಎಂದರೆ ಬೇಡ ಎಂದು ಅರ್ಥವಲ್ಲವೇ?’ ಎಂದು ಕೇಳಿದಳು. ನಾನು ಹೆಮ್ಮೆಯಿಂದ ವಿವರಿಸಿದೆ: ನಮ್ಮ ಕಡೆ ಮೊದಲನೆಯ ಬ್ಯಾಡಕ್ಕೆ ಬೆಲೆ ಇಲ್ಲ ಮೇಡಂ, ಅದು ಸಂಕೋಚದ್ದು. ಎರಡನೆಯದು ಮರ್ಯಾದೆಯದ್ದು. ಒತ್ತಾಯ ಮಾಡದೆ ಬಿಟ್ಟರೆ, ಬಾಯಿ ಮಾತಿಗೆ ಕರೆದರು ಅಂತಾರೆ. ಆಕೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅದಾದ ಮೂರನೆಯ ದಿನ ಶಹಾಬಾದಿಗೆ ಹೋದೆವು.

ಖಣಿ ಎಂದರೆ ಗುಡ್ಡ ಕೊರೆದದ್ದಲ್ಲ, ನೆಲವನ್ನು ಪದರು ಪದರಾಗಿ ಬಿಡಿಸಿದ್ದು. ಕೆಳಗೆ ಇಪ್ಪತ್ತು ಮೂವತ್ತು ಜನ ಕಲ್ಲು ಎಬ್ಬಿಸುತ್ತಿದ್ದರು. ಹೆಂಗಸೊಬ್ಬಳು ಎಡಗೈಯಲ್ಲಿ ಸುತ್ತಿಗೆ ಹಿಡಿದು ಫರ್ಸಿಯ ಅಂಚು ಕೆತ್ತುತ್ತಿದ್ದಳು. ಮೂವತ್ತರ ಒಳಗಿನ ವಯಸ್ಸು. ಪಕ್ಕದಲ್ಲಿ ನಾಲ್ಕೈದು ವರ್ಷದ ಮಗಳು ಕಲ್ಲಿನ ಚಕ್ಕೆಗಳಿಂದ ಮನೆ ಕಟ್ಟುತ್ತಿದ್ದಳು. ಸಿಂಧೂಬಾಯಿ ಅವಳೆದುರು ಕುಕ್ಕರಗಾಲಲ್ಲಿ ಕುಳಿತಳು. ನಿನ್ನ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದು ಹೇಳಲು ನನಗೆ ಹೇಳಿದಳು, ನಾನು ಹೇಳಿದೆ.

ಹೆಂಗಸು ಸುತ್ತಿಗೆ ನಿಲ್ಲಿಸಿದಳು. ‘ಬ್ಯಾಡ್ರಿ ಸರ್. ನನ್ನ ಬಗ್ಗೆ ಏನೂ ಬರೀಬ್ಯಾಡ ಅಂತ ಹೇಳ್ರಿ.’

ನಾನು ನಕ್ಕು, ಹೆದರಬ್ಯಾಡವ್ವ, ಛಲೋದೇ ಬರೀತಾರ ಎಂದೆ.

‘ಬ್ಯಾಡ್ರಿ. ನನಗ ತ್ರಾಸ ಆಗ್ತದ.’

ಸಾವಿರಾರು ಮೈಲಿ ದಾಟಿ ಬಂದ ಅತಿಥಿ ಎದುರಿಗೆ ಕುಳಿತಿದ್ದಾಳೆ. ಬಡವರ ಸಂಕೋಚ ಎಂದುಕೊಂಡೆ. ಇಂಗ್ಲಿಷಿನಲ್ಲಿ, ‘ನನ್ನಂಥವಳ ಬಗ್ಗೆ ಏನಿದೆ ಬರೆಯಲಿಕ್ಕೆ ಎಂದು ನಾಚಿಕೊಳ್ಳುತ್ತಿದ್ದಾಳೆ’ ಎಂದೆ. ಸಿಂಧೂಬಾಯಿ ಹೋಳಿಗೆಯ ಪಾಠ ನೆನಪಿಸಿಕೊಂಡಿರಬೇಕು, ಮುಗುಳ್ನಕ್ಕು ಕೈ ಮುಗಿದು ನೋಟ್‌ಬುಕ್ ತೆರೆದಳು. ಹೆಸರು ಕೇಳಿದಳು. ಹೆಂಗಸು ನನ್ನನ್ನು ಒಂದು ಗಳಿಗೆ ನೋಡಿ, ‘ಶಾಂತಮ್ಮ’ ಎಂದಳು. ಊರು? ‘ದಂಡೋತಿ.’ ಮುಂದಿನ ಒಂದು ತಾಸು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ನನ್ನ ಕೆಲಸ ಚೆನ್ನಾಗಿ ಆಯಿತೆಂದು ನನಗೆ ಸಮಾಧಾನವಾಗಿತ್ತು.

ಎರಡು ವರ್ಷದ ಮೇಲೆ ಪುಸ್ತಕ ಬಂತು. ಆಕೆಗೆ ದೊಡ್ಡ ಹೆಸರು ತಂದದ್ದು ಅದೇ. ಅದರಲ್ಲೂ ಎಲ್ಲರ ಬಾಯಲ್ಲಿ ಇದ್ದದ್ದು ಶಾಂತಮ್ಮನ ಅಧ್ಯಾಯ. ನನಗೆ ಒಂದು ಪ್ರತಿ ಕಳಿಸಿದ್ದಳು, ಓದಲು ಬರುತ್ತಿರಲಿಲ್ಲ. ಆ ಹಟಕ್ಕೇ ಪೋರ್ಚುಗೀಸ್ ಕಲಿಯಲು ಕುಳಿತೆ. ಒಂದು ಹಳೆಯ ಕಲಿಕೆ ಪುಸ್ತಕ, ಒಂದು ನಿಘಂಟು, ರಜೆಯಲ್ಲಿ ಗೋವಾದ ಒಬ್ಬ ಪಾದ್ರಿಗಳ ಬಳಿ ಪಾಠ. ಕುಂಟುತ್ತ ಕುಂಟುತ್ತ ಮೊದಲು ಆಕೆಯ ಒಂದು ಕಾದಂಬರಿ ಕನ್ನಡಕ್ಕೆ ತಂದೆ, ಆಮೇಲೆ ಉಪ್ಪಿನ ಪುಸ್ತಕ.

ಆಗ ಒಂದು ಶಬ್ದಕ್ಕಾಗಿ ಕಾಗದ ಬರೆದರೆ ಉತ್ತರ ಬರಲು ಒಂದೂವರೆ ತಿಂಗಳು. ಅಷ್ಟರಲ್ಲಿ ನಾನು ಏಕೆ ಕೇಳಿದೆನೆಂಬುದೇ ಮರೆತಿರುತ್ತಿತ್ತು. ಈಗ ಫೋನಿನಲ್ಲಿ ಮುಖ ನೋಡಿಕೊಂಡೇ ಕೇಳಬಹುದು. ಇಡೀ ಪುಟವನ್ನು ಯಂತ್ರಕ್ಕೆ ತಿನ್ನಿಸಿದರೆ ಚಿಟಿಕೆ ಹೊಡೆಯುವುದರಲ್ಲಿ ಕನ್ನಡವಾಗಿ ಉದುರುತ್ತದೆ. ಬಳಸಿ, ನಾನೇನೂ ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಎದುರಿಗೆ ಕುಳಿತು ಮಾತಾಡಿದವರ ದನಿ ಅದಕ್ಕೆ ಕೇಳಿಸಿಲ್ಲ, ನಿಮಗೆ ಕೇಳಿಸಿದೆ.

ಸಂಪಾದಕರೊಬ್ಬರ ಜೊತೆ ಜಗಳವೂ ಆಯಿತು. ಉಪ್ಪಿನ ಪುಸ್ತಕದ ಮೀನುಗಾರ ಹೆಂಗಸರಿಗೆ ನಾನು ನಮ್ಮ ಕಡೆಯ ಮಾತು ಕೊಟ್ಟಿದ್ದೆ. ಪ್ರೂಫ್ ಬಂದಾಗ ನೋಡಿದರೆ ಎಲ್ಲರೂ ಆಕಾಶವಾಣಿಯ ವಾರ್ತೆ ಓದುವವರಂತೆ ಮಾತಾಡುತ್ತಿದ್ದರು. ಫೋನ್ ಮಾಡಿ, ‘ಸ್ವಾಮಿ, ಬೇರೆಯವರ ಬಾಯಿಗೆ ಹೀಗೆ ಕೈ ಹಾಕಬಾರದು’ ಎಂದು ಬೈದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಕಲ್ಲಿನ ಪುಸ್ತಕವನ್ನು ನಿವೃತ್ತಿಯ ಮೇಲೆ ಎತ್ತಿಕೊಂಡೆ. ಶಾಂತಮ್ಮನ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಈ ನಾಡಿನ ರೂಢಿಯಂತೆ ಆಕೆ ಮೊದಲು ನಾಚಿ ಬೇಡವೆಂದಳು. ಅದನ್ನು ಕನ್ನಡದಲ್ಲಿ ಬರೆದು ಪೂರ್ಣವಿರಾಮ ಇಟ್ಟೆ. ಕೈ ನಿಂತಿತು. ಪೋರ್ಚುಗೀಸಿನಲ್ಲಿ ಆ ವಾಕ್ಯ ಅಂದವಾಗಿಯೇ ಇತ್ತು. ಕನ್ನಡಕ್ಕೆ ಬಂದ ಕೂಡಲೇ ಆ ಹೆಂಗಸು ಆಡಿದ ಮಾತು ಕಿವಿಯಲ್ಲಿ ಎದ್ದು ನಿಂತಿತು. ನನಗ ತ್ರಾಸ ಆಗ್ತದ. ನಾಚಿಕೊಂಡವರು ಹಾಗೆ ಅನ್ನುವುದಿಲ್ಲ. ಎರಡು ಸಲ ಬ್ಯಾಡ ಎಂದಿದ್ದಳು, ಕಾರಣವನ್ನೂ ಹೇಳಿದ್ದಳು, ನಾನು ಅದನ್ನು ನುಂಗಿ ಹೋಳಿಗೆ ಬಡಿಸಿದ್ದೆ.

ಅಲ್ಲಿಂದ ನಿದ್ದೆ ಹೋಯಿತು. ಪೋರ್ಚುಗೀಸಿನಲ್ಲಿ ಇರುವವರೆಗೆ ಆ ಪುಸ್ತಕ ದಂಡೋತಿಗೆ ತಲುಪುತ್ತಿರಲಿಲ್ಲ. ಕನ್ನಡದಲ್ಲಿ ಬಂದರೆ ತಲುಪುತ್ತದೆ. ಅವಳಿಗೆ ಇದ್ದ ತ್ರಾಸ ಏನೋ, ಅದು ಇನ್ನೂ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಹೆಸರು, ಊರು, ಮಗಳು, ಎಡಗೈ ಎಲ್ಲ ಅದರಲ್ಲಿದೆ. ಅಧ್ಯಾಯವನ್ನು ಸದ್ದಿಲ್ಲದೆ ಕಿತ್ತುಹಾಕಲೂ ಬಾರದು, ನನ್ನ ತಪ್ಪನ್ನು ಮುಚ್ಚಿಡಲೂ ಬಾರದು. ಪದ್ಮಾ ಒಂದು ವಾರ ನೋಡಿ, ‘ಹೀಂಗ ಮಾರಿ ಸಣ್ಣದು ಮಾಡ್ಕೊಂಡು ಕೂತ್ರ ಏನಾಗ್ತದ? ಹೋಗಿ ಆಕಿನ್ನ ಕೇಳಿ ಬರ್ರಿ’ ಎಂದಳು.

ಶಹಾಬಾದಿಗೆ ಹೋದೆ. ಆ ಖಣಿ ನಿಂತು ಎಷ್ಟೋ ವರ್ಷವಾಗಿ ನೀರು ತುಂಬಿತ್ತು. ಶಾಂತಮ್ಮ ಎಂದರೆ ಯಾರಿಗೂ ಗೊತ್ತಿಲ್ಲ. ಚಿತ್ತಾಪುರದ ಬಸ್ಸು ಹತ್ತಿ ದಂಡೋತಿಗೂ ಹೋಗಿ ಬಂದೆ. ಅಲ್ಲಿ ಖಣಿಗೆ ಹೋದ ಶಾಂತಮ್ಮ ಯಾರೂ ಇರಲಿಲ್ಲ. ಹೆಚ್ಚು ಕೇಳಲು ಹೆದರಿಕೆ, ಕೇಳಿಯೇ ಅವಳನ್ನು ಹಿಡಿದುಕೊಟ್ಟಂತಾದರೆ? ಕಡೆಗೆ ಶಹಾಬಾದಿನ ಒಂದು ಚಹಾದಂಗಡಿಯಲ್ಲಿ ಆ ಖಣಿಯ ಮುಕಾದಮನಾಗಿ ಆಳುಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ ಸಿಕ್ಕ. ‘ಎಡಗೈಲೆ ಕಲ್ಲು ಹೊಡಿಯಾಕಿ? ನಾವು ಎಡಚಿ ಅಂತಿದ್ವಿ, ಹೆಸರು ಗಿಸರು ಗೊತ್ತಿಲ್ರಿ. ಈಗ ವಾಡಿನಾಗ ಮಗಳ ಮನ್ಯಾಗ ಇದ್ದಾಳ. ಮಗಳದು ಟೇಲರಿಂಗ್ ಅಂಗಡಿ ಅದ’ ಎಂದ.

ವಾಡಿಯ ಆ ಅಂಗಡಿಯ ಹಿಂದಿನ ಮನೆಯಲ್ಲಿ ಅವಳು ಕುಳಿತು ಜೋಳ ಹಸನು ಮಾಡುತ್ತಿದ್ದಳು. ತಲೆ ಬೆಳ್ಳಗಾಗಿತ್ತು, ಮೊರ ಎಡಗೈಯಲ್ಲಿತ್ತು. ನಾನು ಯಾರೆಂದು ಹೇಳುವ ಮೊದಲೇ, ‘ಕುಂದ್ರಿ ಸರ್. ಆ ಫಾರಿನ್ ಬಾಯಿ ಕೂಡ ಬಂದಿದ್ರಲ್ಲ’ ಎಂದಳು.

ಇದ್ದದ್ದನ್ನು ಇದ್ದಂತೆ ಹೇಳಿದೆ. ‘ನೀವು ಬ್ಯಾಡ ಅಂದಿದ್ರಿ. ನಾ ಅದನ್ನ ಆಕಿಗೆ ಹೇಳಲಿಲ್ಲ. ನಾಚಿಗಿ ಮಾಡ್ಕೋತಾಳ ಅಂತ ಹೇಳಿದೆ. ತಪ್ಪಾತು.’

‘ಗೊತ್ತದರಿ’ ಎಂದಳು.

‘ಹೆಂಗ ಗೊತ್ತು?’

‘ಬರೀಬ್ಯಾಡ ಅಂದ್ರ ಯಾರರೆ ನಕ್ಕೋತ ಪುಸ್ತಕ ತಗೀತಾರೇನ್ರಿ? ಅವಾಗೇ ತಿಳೀತು, ಈ ಸರ್ ನನ್ನ ಮಾತು ಮುಟ್ಟಿಸಿಲ್ಲ ಅಂತ. ಅದಕ್ಕ ಖೊಟ್ಟಿ ಹೆಸರು ಹೇಳಿದೆ. ಊರೂ ಖೊಟ್ಟಿ. ನಾ ದಂಡೋತಿ ನೋಡೇ ಇಲ್ಲ.’

ನಾನು ಗೋಡೆಗೆ ಒರಗಿದೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನನ್ನನ್ನು ಅವಳು ನಂಬಲಿಲ್ಲ ಎಂಬುದು ನನ್ನ ಬದುಕಿನಲ್ಲಿ ಸಿಕ್ಕ ದೊಡ್ಡ ಉಪಕಾರ. ಅವಳು ಜೋಳ ಕೇರುತ್ತಲೇ ಉಳಿದದ್ದನ್ನು ಹೇಳಿದಳು. ಗಂಡನ ಹೊಡೆತ ತಾಳಲಾರದೆ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಅವನ ಕಡೆಯವರು ಹುಡುಕುತ್ತಿದ್ದರು. ಈಗ ಅವನು ಸತ್ತು ಬಹಳ ವರ್ಷವಾಗಿತ್ತು, ಮಗಳಿಗೆ ಮದುವೆಯಾಗಿ ಅಳಿಯ ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದ. ಇನ್ನು ಹೆದರಿಕೆ ಇರಲಿಲ್ಲ.

ಅಧ್ಯಾಯದ ಕನ್ನಡವನ್ನು ಪೂರ್ತಿ ಓದಿ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸಿ ಮಗಳೂ ಬಂದು ಕುಳಿತು ಕೇಳಿದಳು. ಮುಗಿದ ಮೇಲೆ ತಾಯಿ, ‘ಆಕಿ ಇನ್ನೂ ಇದ್ದಾಳೇನ್ರಿ? ಫೋನ್ ಹಚ್ಚ್ರಿ’ ಎಂದಳು.

ಸಿಂಧೂಬಾಯಿ ತನ್ನ ಸಮುದ್ರದ ಊರಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದಳು. ಒಂದು ಕಣ್ಣು ಮಂಜಾಗಿದೆ, ಬರೆಯುವುದು ನಿಲ್ಲಿಸಿದ್ದಾಳೆ. ಎದುರಿಗಿರುವವಳು ಯಾರೆಂದು ನಾನು ಹೇಳಿದಾಗ ಕುರ್ಚಿಯಿಂದ ಅರ್ಧ ಎದ್ದಳು. ಈ ಹೆಂಗಸು ಫೋನಿಗೆ ಮುಖ ಹತ್ತಿರ ತಂದಳು.

‘ಸರ್, ಈ ಸಲ ಎಲ್ಲಾ ಹೇಳ್ರಿ. ನಾ ಬ್ಯಾಡ ಅಂದಿದ್ದೆ, ಒಮ್ಮೆ ಅಲ್ಲ, ಎರಡು ಸಲ. ನೀವು ಹೋದ ಮ್ಯಾಲೆ ಒಂದು ವರ್ಷ ಖಣಿಗೆ ಹೊಸ ಮಂದಿ ಬಂದ್ರ ಮಗಳ ಬಾಯಿ ಮುಚ್ಚಿ ಕಲ್ಲಿನ ಹಿಂದ ಕುಂದ್ರತಿದ್ದೆ. ಆಕಿ ಭಾಳ ಛಂದ ಬರದಾಳ. ಆದ್ರ ನಾ ಅಂಜಿದ್ದು ಆಕಿಗೆ ಗೊತ್ತಿರಬೇಕು. ಹೇಳದೇ ಬಿಟ್ಟವರು ನೀವು, ಅದನ್ನೂ ಹೇಳ್ರಿ.’

ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಅಷ್ಟು ಕಷ್ಟದ ಅನುವಾದ ಇನ್ನೊಂದಿಲ್ಲ. ಒಂದು ಮಾತೂ ಬಿಡಲಿಲ್ಲ, ಒಂದಕ್ಕೂ ಸಕ್ಕರೆ ಹಚ್ಚಲಿಲ್ಲ. ನನ್ನ ತಪ್ಪು ಎಂಬ ಭಾಗವನ್ನೂ ಹೇಳಿದೆ. ಹೇಳುತ್ತ ಹೇಳುತ್ತಲೇ ಎದೆಯ ಮೇಲಿನ ಭಾರ ಇಳಿಯುತ್ತಿತ್ತು.

ಸಿಂಧೂಬಾಯಿ ಕನ್ನಡಕ ತೆಗೆದಿಟ್ಟಳು. ‘ನಿಮ್ಮ ಮಾತು ನನಗೆ ಮುಟ್ಟಲಿಲ್ಲ, ನಿಜ. ಆದರೆ ನಿಮ್ಮ ಮುಖ ನನಗೆ ಕಾಣುತ್ತಿತ್ತು. ಅದರಲ್ಲಿ ಭಯ ಇತ್ತು. ಕಂಡೂ ಬರೆದೆ, ನನಗೆ ಕಥೆ ಬೇಕಾಗಿತ್ತು. ತಪ್ಪು ಆಚಾರ್ ಒಬ್ಬರದೇ ಅಲ್ಲ’ ಎಂದಳು. ಅದನ್ನೂ ಹಾಗೆಯೇ ಕನ್ನಡಕ್ಕೆ ದಾಟಿಸಿದೆ. ಈ ಹೆಂಗಸು ಫೋನಿನೊಳಗಿನ ಮುಖವನ್ನೇ ನೋಡುತ್ತಿದ್ದಳು. ‘ಹಾಂ, ಈಗ ಮುಟ್ಟೇದ’ ಎಂದಳು.

ಅಧ್ಯಾಯ ತೆಗೆದುಬಿಡಲೇ ಎಂದು ನಾನು ಕೇಳಿದೆ. ಬ್ಯಾಡ, ಇರಲಿ ಎಂದಳು. ಖರೇನೇ ಎಂದೆ. ಖರೇ ಎಂದಳು. ನಾಲ್ಕು ದಿನ ವಿಚಾರ ಮಾಡಿ ಹೇಳಿದರೂ ನಡೆಯುತ್ತದೆ ಎಂದೆ. ‘ಎಷ್ಟು ಸಲ ಕೇಳ್ತೀರಿ ಸರ್? ಇರಲಿ ಅಂದ್ರ ಇರಲಿ. ಶಾಂತಮ್ಮ ಅಂತನೇ ಇರಲಿ. ಆದ್ರ ಮೊದಲನೇ ಸಾಲಿನ್ಯಾಗೇ ನಾ ಬ್ಯಾಡ ಅಂದಿದ್ದು ಬರಬೇಕು’ ಎಂದು ಗದರಿದಳು. ಸಿಂಧೂಬಾಯಿ ಒಪ್ಪಿದಳು, ತನ್ನ ಭಾಷೆಯ ಮುಂದಿನ ಮುದ್ರಣದಲ್ಲೂ ಹಾಗೆಯೇ ತಿದ್ದಿಸುತ್ತೇನೆಂದಳು. ಕನ್ನಡ ಪುಸ್ತಕ ಈಗ ಅಚ್ಚಿಗೆ ಹೋಗಿದೆ.

ಫೋನ್ ಇಡುವ ಮೊದಲು ಸಿಂಧೂಬಾಯಿ, ಬರೆಯುವುದಕ್ಕಲ್ಲ, ಸುಮ್ಮನೆ ಕೇಳುತ್ತೇನೆ, ನಿಮ್ಮ ನಿಜವಾದ ಹೆಸರೇನು ಎಂದಳು. ನಾನು ಕನ್ನಡದಲ್ಲಿ ಕೇಳಿದೆ. ಈ ಹೆಂಗಸು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಬಾಗಿಲಾಚೆ ಹೋದಳು. ಇಬ್ಬರ ದನಿಯೂ ಸಣ್ಣಗೆ ಕೇಳಿಸಿತು, ಇವಳು ಒಂದು ಸಲ ಹೇಳಿದ್ದು, ಅವಳು ತಡವರಿಸಿ ಅಂದದ್ದು, ಇವಳು ತಿದ್ದಿದ್ದು, ಅವಳು ಮತ್ತೆ ಸರಿಯಾಗಿ ಅಂದದ್ದು. ಮಧ್ಯೆ ನಾನು ಬೇಕಾಗಲಿಲ್ಲ. ಆ ಹೆಸರು ಏನೆಂದು ನಾನು ಕೇಳಲೂ ಇಲ್ಲ.